ಕುಂಕುಮ ಹಚ್ಚಿದ ಪೆನ್‌ಡ್ರೈವ್

ಮದರಾಸಿನ ಪೋರೂರಿನಲ್ಲಿರುವ ಒಂದು ಪುಟ್ಟ ಕಂಪನಿಯಲ್ಲಿ ನನ್ನ ಕೆಲಸ. ರಕ್ತಪರೀಕ್ಷೆಯ ಲ್ಯಾಬುಗಳಿಗೆ ರಿಪೋರ್ಟ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಮಾಲೀಕರು ಉಡುಪಿ ಕಡೆಯವರು. ಮೊಟ್ಟಮೊದಲ ಲ್ಯಾಬಿಗೆ ಸಾಫ್ಟ್‌ವೇರ್ ಹಾಕಿದ ಪೆನ್‌ಡ್ರೈವನ್ನು ಅವರು ದೇವರ ಪಟದ ಮುಂದಿಟ್ಟಿದ್ದಾರೆ. ಪ್ರತಿ ಆಯುಧಪೂಜೆಗೂ ಅದಕ್ಕೆ ಕುಂಕುಮ. ಯಾವ ಹೊಸ ಲ್ಯಾಬಿಗೆ ಹೋದರೂ ಅದರಿಂದಲೇ ಶುರು ಮಾಡಬೇಕು, ಕೈಗುಣ ಒಳ್ಳೆಯದಂತೆ. ಹೊಸದಾಗಿ ಬರೆದದ್ದನ್ನು ಆಮೇಲೆ ಸೇರಿಸಿಕೊಳ್ಳಬೇಕು.

ಅದರೊಳಗೆ ನಮ್ಮ ಸಾಫ್ಟ್‌ವೇರಿನ ಜೊತೆ ಜಾವಾ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಇದೆ. ಅದಿಲ್ಲದೆ ನಮ್ಮದು ಓಡುವುದಿಲ್ಲ. ಒಂದೊಂದು ಲ್ಯಾಬಿನಲ್ಲಿ ಒಂದೊಂದು ಥರದ್ದು ಇರುತ್ತದೆ, ಆ ತಲೆನೋವೇ ಬೇಡವೆಂದು ನಮ್ಮ ಫೋಲ್ಡರಿನಲ್ಲೇ ಒಂದನ್ನು ತುರುಕಿದ್ದೆ. ಹೌದು, ನಾನೇ. ಆಮೇಲೆ ಸರಿ ಮಾಡಿದರಾಯಿತು ಎಂದುಕೊಂಡಿದ್ದೆ. ಕಂಪ್ಯೂಟರಿಗೆ ಎಷ್ಟು ಅಪ್‌ಡೇಟ್ ಬಂದರೂ ನಮ್ಮ ಫೋಲ್ಡರಿನ ಜಾವಾ ಮಾತ್ರ ಹಳೆಯ ತೂತುಗಳ ಸಮೇತ ಹಾಗೇ ಕೂತಿತ್ತು. ಆ ತೂತುಗಳು ಲೋಕದ ಕಳ್ಳರಿಗೆಲ್ಲ ಗೊತ್ತು.

ಅದನ್ನು ಬದಲಿಸೋಣವೆಂದು ಎರಡು ವರ್ಷ ಮಾಲೀಕರ ಬೆನ್ನು ಬಿದ್ದೆ.

"ಓಡ್ತಾ ಉಂಟಲ್ಲ ಮಾರಾಯ್ತಿ. ಸುಮ್ಮನೆ ಕೆರೆದು ಹುಣ್ಣು ಮಾಡುದು ಯಾಕೆ?"

ಪ್ರತಿ ಸಲ ಇದೇ ಉತ್ತರ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಆ ಪೆನ್‌ಡ್ರೈವ್ ಹಿಡಿದು ಲ್ಯಾಬಿನಿಂದ ಲ್ಯಾಬಿಗೆ ಅಲೆಯುತ್ತಿದ್ದವಳೂ ನಾನೇ.

ಹೋದ ತಿಂಗಳು ನುಂಗಂಬಾಕ್ಕಂನ ಒಂದು ಲ್ಯಾಬಿನಿಂದ ಫೋನ್ ಬಂತು. ಯಾರೋ ನಮ್ಮ ಜಾವಾದ ಮೂಲಕ ಒಳನುಗ್ಗಿ, ಇದ್ದಬದ್ದ ರಿಪೋರ್ಟುಗಳಿಗೆಲ್ಲ ಯಾರೂ ತೆರೆಯಲಾಗದಂತೆ ಬೀಗ ಜಡಿದಿದ್ದರು. ಲ್ಯಾಬ್ ನಡೆಸುವವರು ಮದರಾಸಿನಲ್ಲೇ ಹುಟ್ಟಿ ಬೆಳೆದ, ಮಾಧ್ವ ಮನೆತನದ ಹಿರಿಯ ಹೆಂಗಸು. ನಾನು ಹೋದದ್ದೇ ಗೋಡೆಯ ಕ್ಯಾಲೆಂಡರ್ ತೋರಿಸಿದರು. ಪ್ರತಿ ಶುಕ್ರವಾರದ ಮೇಲೂ ಒಂದು ಟಿಕ್ ಇತ್ತು.

"ವಾರಾವಾರಂ ಕರೆಕ್ಟಾ ಅಪ್‌ಡೇಟ್ ಹಾಕಿದೀನಮ್ಮಾ. ಒಂದೂ ಬಿಟ್ಟಿಲ್ಲ. ಯಾವ್ದು ಬಿಟ್ಟೋಯ್ತು, ನೀನೇ ಸೊಲ್ಲಮ್ಮಾ."

"ನೀವೇನೂ ಬಿಟ್ಟಿಲ್ಲಮ್ಮ. ಹಳೇದು ನಮ್ಮ ಫೋಲ್ಡರ್ ಒಳಗಿತ್ತು. ನಿಮ್ಮ ಅಪ್‌ಡೇಟ್ ಅದನ್ನ ಮುಟ್ಟೋದೇ ಇಲ್ಲ. ಅಲ್ಲಿ ಇಟ್ಟವಳು ನಾನು."

ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎದ್ದು ಬಾಗಿಲು ತೆರೆದರು. ಹೊರಗಿನ ಬೆಂಚಿನಲ್ಲಿ ಏಳೆಂಟು ಜನ ಕೂತಿದ್ದರು.

"ಹಳೇ ರಿಪೋರ್ಟ್ ನೋಡ್ದೆ ಡಾಕ್ಟ್ರು ಮಾತ್ರೆ ಬದಲಿಸಲ್ವಂತೆ. ಎಲ್ಲಾ ನನ್ನ ನಂಬಿ ಬಂದವ್ರು. ಈಗ ನನಗೆ ಹೇಳಿದ್ಯಲ್ಲ, ಅದನ್ನೇ ಅವರಿಗೂ ಹೇಳಮ್ಮಾ."

ನಾನು ಬಾಗಿಲ ಬಳಿ ಹೋಗಿ ನಿಂತೆ. ನನ್ನ ಕೈಚೀಲದಲ್ಲಿ ಅದೇ ಹಳೆಯ ಜಾವಾ ಇದ್ದ ಅದೇ ಪೆನ್‌ಡ್ರೈವ್ ಇತ್ತು. ಇನ್ನೊಮ್ಮೆ ಹಾಕಿ ಬಾ ಎಂದು ಮಾಲೀಕರು ಬೆಳಿಗ್ಗೆಯೇ ಹೊಸ ಕುಂಕುಮ ಹಚ್ಚಿ ಕೊಟ್ಟಿದ್ದರು.