ಸೊಹಾರ್ ದಾರಿಯ ಒಣ ಬೂತಾಯಿ

ಎಂಬತ್ತರ ದಶಕದ ಕೊನೆ. ಆರು ವರ್ಷದ ಮಗಳೊಂದಿಗೆ ಒಮಾನಿನ ಮಸ್ಕತ್‌ನಿಂದ ಕಾರಿನಲ್ಲಿ ಸೊಹಾರ್‌ಗೆ ಹೊರಟಿದ್ದೆ. ಅಲ್ಲಿ ಅವಳ ಗೆಳತಿಯ ಹುಟ್ಟುಹಬ್ಬ. ಹೊಸ ಫ್ರಾಕ್ ತೊಟ್ಟೇ ಕಾರು ಹತ್ತಿದ್ದಳು.

ದಾರಿಯಲ್ಲಿ ಕಡಲ ದಂಡೆಯುದ್ದಕ್ಕೂ ಬೂತಾಯಿ ಮೀನು ಒಣಗಲು ಹಾಕಿದ್ದರು. ಉಡುಪಿ ಕಡೆಯವನು ಒಣಮೀನು ಬಿಟ್ಟು ಮುಂದೆ ಹೋಗುವುದುಂಟೇ? ಚೌಕಾಸಿ ಮಾಡಿ ಒಂದು ಗೋಣಿ ಡಿಕ್ಕಿಗೆ ಹಾಕಿಸಿದೆ.

ಮಾರಿದ ಮುದುಕ ಹರಕು ಹಿಂದಿಯಲ್ಲಿ ಕೇಳಿದ, "ನಿನಗೆ ಒಂಟೆ ಎಷ್ಟಿವೆ?" ತಮಾಷೆಯೆಂದು ನಕ್ಕೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೊಳೆತ ಎಣ್ಣೆಯಂಥ ನಾತ ಎ.ಸಿ. ಗಾಳಿಯಲ್ಲಿ ಸುತ್ತತೊಡಗಿತು.

"ಡ್ಯಾಡಿ, ಸ್ಟಾಪ್! ವಾಂತಿ ಬರ್ತದೆ."

"ಸುಮ್ನಿರು ಮಗಾ, ಒಣಮೀನು ಮತ್ತೆ ಮಲ್ಲಿಗೆಯ ಹಾಗೆ ಇರ್ತದಾ?"

ಫ್ರಾಕ್ ಮೇಲೆಯೇ ವಾಂತಿಯಾಯಿತು. ಇಳಿದು ಗೋಣಿ ಬಿಚ್ಚಿದರೆ, ಉಪ್ಪು ಹಾಕದ, ಕರುಳು ತೆಗೆಯದ ಮೀನುಗಳ ನಡುವೆ ಹುಳುಗಳು ಮಿಜಿಗುಡುತ್ತಿದ್ದವು. ಮುದುಕನ ಪ್ರಶ್ನೆ ಆಗ ಅರ್ಥವಾಯಿತು. ಅದು ಆ ಕಡೆ ಒಂಟೆಗಳಿಗೆ ಹಾಕುವ ಮೇವು.

ಸರಕಿನ ಬೆಲೆ ಇಳಿಸುವ ಮೊದಲು ಅದನ್ನು ತಿನ್ನುವವರು ಯಾರೆಂದು ಕೇಳಿಕೊಳ್ಳಿ.

ಗೋಣಿ ಬಿಸಾಡಿ, ಫ್ರಾಕ್ ತೊಳೆದೆ. ಮಗಳು ತೋಳು ಮೂಸಿ ಮುಖ ಕಿವುಚಿದಳು.

"ಪಾರ್ಟಿಗೆ ನಾನು ಬರೂದಿಲ್ಲ. ಎಲ್ರೂ ಮೂಗು ಮುಚ್ಚಿಕೊಳ್ತಾರೆ."

ನಾನೂ ಮೂಗು ಮುಚ್ಚಿಕೊಂಡೇ ಇದ್ದೆ. ಕಾರನ್ನು ಮಸ್ಕತ್ ಕಡೆಗೆ ತಿರುಗಿಸಿದೆ.