ಬ್ಯಾಂಡ್ ಭೀಮಶಿ ಕೊಟ್ಟ ಮಾತು

ಸಂಗೊಳ್ಳಿಯ ಬ್ಯಾಂಡ್ ಭೀಮಶಿಗೆ ಕುಂತಲ್ಲಿ ಕೂರಲಾಗುತ್ತಿರಲಿಲ್ಲ. ಬೀದಿಯಲ್ಲಿ ಬೈಕಿನ ಸದ್ದಾದರೆ ಸಾಕು, ಹಿತ್ತಲ ಬಾಗಿಲಿಗೆ ಹೋಗಿ ನಿಲ್ಲುವನು. ಬಂದವನು ಹಾಲಿನವನೆಂದು ತಿಳಿದ ಮೇಲೆ ಅಲ್ಲಿದ್ದ ಕೊಡವನ್ನು ಸುಮ್ಮನೆ ಅತ್ತಿತ್ತ ಸರಿಸಿ ಒಳಗೆ ಬರುವನು. ಹೆಂಡತಿ ಅನ್ನಪೂರ್ಣಾಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಊರನ್ನೆಲ್ಲ ಕುಣಿಸುವ ಗಂಡ ಹಾಲಿನವನಿಗೆ ಹೆದರಿ ಅಡಗುವುದನ್ನು ಯಾವ ಹೆಂಡತಿ ನೋಡಿಯಾಳು?

"ಇಷ್ಟು ಅಂಜೂದಿತ್ತಂದ್ರ ಕೋರ್ಟಿನಾಗ ಯಾಕ ಹೂಂ ಅಂದ್ರಿ?" ಎಂದು ಕೇಳಿಯೂ ಕೇಳಿದಳು.

ಭೀಮಶಿ ಮೋಸಗಾರನಲ್ಲ ಮತ್ತೆ. ಕಿತ್ತೂರಿನಿಂದ ರಾಮದುರ್ಗದವರೆಗೆ ಮದುವೆ ಮನೆಯವರು ಅವನ ಕೈಗೆ ಎಲೆ ಅಡಿಕೆ ಇಟ್ಟು ನಿಶ್ಚಿಂತರಾಗುತ್ತಿದ್ದರು. ಬರವಣಿಗೆ ಇಲ್ಲ, ಸಹಿ ಇಲ್ಲ. ಎಲೆ ಹಿಡಿದನೆಂದರೆ ಬಂದನೆಂದೇ ಲೆಕ್ಕ. ಹಲ್ಲುನೋವಿಗೆ ದವಡೆ ಬಾತುಕೊಂಡಿದ್ದಾಗಲೂ ಕಟಕೋಳದ ಮದುವೆಯಲ್ಲಿ ಕ್ಲಾರಿಯೋನೆಟ್ ಊದಿ ಬಂದ ಆಸಾಮಿ.

ಧ್ವನಿವರ್ಧಕ ಕೂರಿಸಿದ ಟೆಂಪೋ ಕೊಳ್ಳಲು ಬೈಲಹೊಂಗಲದ ಒಂದು ಸೊಸೈಟಿಯಲ್ಲಿ ಸಾಲ ಮಾಡಿದ್ದ. ಕಂತು ನಿಂತವು, ಕೇಸಾಯಿತು. ಟೆಂಪೋ ಜಪ್ತಿಯಾಗುವ ಹೊತ್ತಿಗೆ, ಈ ಮದುವೆ ಸೀಜನ್ನಿನಲ್ಲಿ ತಿಂಗಳು ತಿಂಗಳೂ ಕಟ್ಟಿ ಅರ್ಧ ಸಾಲ ತೀರಿಸುತ್ತೇನೆಂದು ನ್ಯಾಯಾಧೀಶರೆದುರು ಮುಚ್ಚಳಿಕೆ ಬರೆದುಕೊಟ್ಟು ಗಾಡಿ ಉಳಿಸಿಕೊಂಡ.

ದುಡ್ಡು ಬರಲಿಲ್ಲವೇ ಎಂದರೆ, ಬಂತು. ಆದರೆ ಬಾರಿಸುವ ಹುಡುಗರು ಮುಂಗಡ ಕೊಡದಿದ್ದರೆ ಬೇರೆ ಬ್ಯಾಂಡಿಗೆ ಹೋಗುತ್ತೇವೆಂದು ಪಟ್ಟು ಹಿಡಿದರು. ಅವರು ಹೋದರೆ ಹಿಡಿದ ಎಲೆಗಳ ಗತಿ? ಬಂದದ್ದನ್ನೆಲ್ಲ ಅವರಿಗೆ ಹಂಚಿಬಿಟ್ಟ. ಕೋರ್ಟಿನ ಚಿಂತೆ ಅವನಿಗೆ ಹತ್ತಲೇ ಇಲ್ಲ. ಅಪ್ಪನ ಹೊಲದ ವ್ಯಾಜ್ಯದಲ್ಲಿ ತಾರೀಖು ಮುಂದೆ ಹೋಗುವುದನ್ನೇ ನೋಡುತ್ತ ಬೆಳೆದವನು. ತಾರೀಖಿನ ಹಾಗೆ ಮಾತೂ ಮುಂದೆ ಹೋಗುತ್ತದೆ ಅಂದುಕೊಂಡ, ಪುಣ್ಯಾತ್ಮ. ಯಾಕೆ ಕಟ್ಟಲಿಲ್ಲವೆಂದು ನೋಟಿಸು ಬಂದಾಗ, ಕರೆದ ದಿನ ಕೋರ್ಟಿಗೆ ಹೋಗದೆ ಕಿತ್ತೂರಿನ ಮದುವೆಗೆ ಹೋದ.

ಅವನ ವಕೀಲರು ಮುಕುಂದರಾಯರು ಹಣೆ ಬಡಿದುಕೊಂಡರು. "ರೊಕ್ಕ ಸಾಲಲಿಲ್ಲಂದ್ರ ಬಂದು ಇನ್ನಷ್ಟು ದಿನಾ ಕೇಳಬೇಕಿತ್ತೋ, ಕೊಡತಿದ್ರು. ಕೈಯಾಗ ರೊಕ್ಕ ಇದ್ದೂ ಕೊಟ್ಟ ಮಾತು ಮುರದಿ. ಈಗ ವಾರಂಟ್ ಆಗೇದ. ಗಾಡಿನೂ ಹೋಗತದ, ನೀನೂ ಒಳಗ ಹೋಗತಿ."

"ಏನ ಮಾಡ್ಲಿರಿ, ಎಲಿ ಹಿಡದಿದ್ದೆ."

"ಹಂಗಾರ ಕೋರ್ಟಿನಾಗ ಏನ ಹಿಡದಿದ್ದಿ?"

ಅವತ್ತಿನಿಂದ ಭೀಮಶಿಗೆ ಊಟ ರುಚಿಸಲಿಲ್ಲ, ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಹಿಡಿದದ್ದರಲ್ಲಿ ಉಳಿದದ್ದು ಒಂದೇ, ಮನೋಳಿಯ ಮಲಕಾಜಪ್ಪನ ಮಗಳ ಮದುವೆ. ಅದೊಂದು ಮುಗಿದರೆ ತಾನಾಗಿಯೇ ಹೋಗಿ ಕೋರ್ಟಿನ ಮುಂದೆ ನಿಲ್ಲುವೆನೆಂದು ಹೆಂಡತಿಗೆ ಹೇಳಿದ. ಗಾಡಿ ಹೋದರೂ ಹೋಗಲಿ, ಎಲೆ ಹಿಡಿದು ಕೈಕೊಟ್ಟನೆಂದು ಯಾರ ಬಾಯಲ್ಲೂ ಬರಬಾರದು. ಅವನಿಗೆ ಬೇಕಿದ್ದದ್ದು ಅಷ್ಟೇ.

ಮದುವೆಯ ದಿನ ಬೆಳಿಗ್ಗೆ ಡ್ರಮ್ಮಿನವನನ್ನು ಹತ್ತಿಸಿಕೊಳ್ಳಲು ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರ ಟೆಂಪೋ ನಿಂತಿತು. ವಾರಂಟ್ ಜಾರಿ ಮಾಡುವ ಕೋರ್ಟಿನ ಬೇಲಿಫ್ ಲಕ್ಷ್ಮಣ ಒಬ್ಬ ಪೊಲೀಸಿನವನ ಜೊತೆ ಎದುರಿಗೆ ಬಂದ. ಗುರುತಿನವನೇ, ಅವನ ಮದುವೆಗೂ ಭೀಮಶಿಯೇ ಊದಿದ್ದ.

"ಇಳೀರಿ ಅಣ್ಣಾ. ಗಾಡಿನೂ ಇಲ್ಲೇ ಬಿಡಬೇಕು."

"ಲಕ್ಷ್ಮಣಾ, ಮನೋಳ್ಯಾಗ ಮಂದಿ ದಾರಿ ನೋಡಾಕತ್ತೈತಿ. ಇದೊಂದು ಊದಿ ಸಂಜಿಕೆ ನಾನ ಬಂದು ನಿಂದರತೇನಿ. ಮಾತು ಕೊಡತೇನಿ."

ಲಕ್ಷ್ಮಣ ಮುಖ ತಿರುಗಿಸಿದ. "ಮಾತು ಕೊಟ್ಟು ತಪ್ಪಿದ್ದಕ್ಕ ಈ ವಾರಂಟ್ ಬಂದೈತಿ ಅಣ್ಣಾ. ಮತ್ತ ನಿಮ್ಮ ಮಾತು ನಂಬಿ ಬಿಟ್ಟರ ನನ್ನ ನೌಕರಿ ಹೋಗತೈತಿ."

ಇಷ್ಟು ದಿನ ಭೀಮಶಿ ಜೈಲಿನ ಹೆದರಿಕೆಯೇ ದೊಡ್ಡದು ಎಂದುಕೊಂಡಿದ್ದ. ಈ ನಾಚಿಕೆ ಅದಕ್ಕಿಂತ ಕೆಟ್ಟದ್ದಾಗಿತ್ತು. ಹುಡುಗರು ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಇಳಿದರು.

ಅವನು ಮಲಕಾಜಪ್ಪನಿಗೆ ಫೋನ್ ಹಚ್ಚಿದ. ಟೆಂಪೋ ಕೆಟ್ಟಿದೆ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂತು. ನುಂಗಿಕೊಂಡ.

"ಮಲಕಾಜಪ್ಪಾರ, ನನಗ ಬರೂದು ಆಗೂದಿಲ್ರಿ. ಕೋರ್ಟಿನವ್ರು ಹಿಡದಾರ. ತಪ್ಪು ನಂದ."

ಬೈಯುತ್ತಾನೆಂದು ಕಾದ. ಮಲಕಾಜಪ್ಪ ಬೈಯಲಿಲ್ಲ.

"ಇರಲಿ ಬಿಡ್ರಿ ಭೀಮಶಪ್ಪಾ," ಎಂದ ಸಮಾಧಾನದಿಂದಲೇ. "ನಿಮ್ಮ ಕೋರ್ಟಿನ ಸುದ್ದಿ ಕಿವಿಗೆ ಬಿದ್ದಾಗನ ರಾಮದುರ್ಗದ ಬ್ಯಾಂಡಿನವರಿಗೆ ಹೇಳಿ ಇಟ್ಟಿದ್ವಿ. ಮುಂಜಾನೆ ಬಂದಾರ ಅವರು."

ಮಲಕಾಜಪ್ಪನ ಹಿಂದೆ ಯಾರೋ ಕ್ಲಾರಿಯೋನೆಟ್ ಊದಲು ಶುರು ಮಾಡಿದ್ದು ಭೀಮಶಿಗೆ ಫೋನಿನಲ್ಲಿ ಕೇಳಿಸಿತು.