ಕುಕ್ಕರಗಾಲಿನ ಪಾಠ

ಹೊಸಪೇಟೆಯ ಒಂದು ಆಸ್ಪತ್ರೆಗೆ ನಾನು ಫಿಸಿಯೋಥೆರಪಿಸ್ಟ್ ಆಗಿ ಸೇರಿ ಎರಡು ವರ್ಷವಾಗಿತ್ತು. ಎಂಬತ್ತರ ದಶಕದ ಕೊನೆಯ ದಿನಗಳು. ನನ್ನ ಹತ್ತಿರ ಬರುತ್ತಿದ್ದವರಲ್ಲಿ ಅರ್ಧಕ್ಕರ್ಧ ಕಾಲುನೋವಿನವರೇ. ಸಂಡೂರಿನ ಗಣಿಯಲ್ಲಿ ಲಾರಿಯಿಂದ ಜಿಗಿದು ಹರಡು, ಅಂದರೆ ಪಾದದ ಕೀಲು, ಉಳುಕಿಸಿಕೊಂಡವರು, ಕಂಪ್ಲಿ ಕಡೆ ಕಾಲುವೆ ಏರಿಯ ಮೇಲೆ ಜಾರಿ ಬಿದ್ದವರು. ಅವರಿಗೆಲ್ಲ ಶಾಖ ಕೊಡುತ್ತಿದ್ದೆ, ನಾಲ್ಕು ವ್ಯಾಯಾಮ ಹೇಳಿ ಕಳಿಸುತ್ತಿದ್ದೆ. ಪಾದದ ಮೂಳೆಗಳ ಹೆಸರುಗಳು ನನಗೆ ಬಾಯಿಪಾಠವಾಗಿದ್ದವು. ಬೆರಳಿಗೆ ಮಾತ್ರ ಅವುಗಳ ಪರಿಚಯವಿರಲಿಲ್ಲ.

ಅಂಥ ಹೊತ್ತಿನಲ್ಲಿ ಮೈಸೂರಿನಿಂದ ಒಬ್ಬರು ಮೇಡಂ ಬಂದು ಮೂರು ದಿನ ಪಾದ ಮತ್ತು ಹರಡಿನ ಚಿಕಿತ್ಸೆಯನ್ನು ಕೈಹಿಡಿದು ಕಲಿಸುತ್ತಾರೆ ಎಂದು ನಮ್ಮ ದೊಡ್ಡ ಡಾಕ್ಟರು ಹೇಳಿದರು. ಆಷಾಢವಾದ್ದರಿಂದ ಮದುವೆಗಳಿರಲಿಲ್ಲ, ಆಸ್ಪತ್ರೆಯ ಹಿಂದಿನ ಕಲ್ಯಾಣ ಮಂಟಪ ಖಾಲಿಯಿತ್ತು. ಊಟದ ಹಾಲ್‌ನಲ್ಲಿ ನಾಲ್ಕು ಮಂಚ ಹಾಕಿದರು. ಕಲಿಯಲು ಬಂದವರು ಎಂಟು ಜನ.

ಮೇಡಂಗೆ ಅರವತ್ತರ ಆಸುಪಾಸು. ತೆಳ್ಳಗಿನ ಮೈ, ನರೆತ ಕೂದಲು, ಸೊಂಟಕ್ಕೆ ಸಿಕ್ಕಿಸಿದ ಹತ್ತಿಸೀರೆಯ ಸೆರಗು. ನಮಸ್ಕಾರ ಹೇಳಿದವರೇ ಜಮಖಾನದ ಮೇಲೆ ಕೂತು, ಮುಂದಿದ್ದ ನನ್ನ ಎಡಗಾಲನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ನಾನು ಬೆಂಕಿ ತಾಗಿದವಳ ಹಾಗೆ ಕಾಲು ಹಿಂದಕ್ಕೆಳೆದೆ.

"ಬ್ಯಾಡ್ರಿ ಮೇಡಂ! ನೀವು ದೊಡ್ಡೋರು!"

"ಕಾಲು ಕೊಡಮ್ಮ," ಎಂದರು ಅವರು ನಗುತ್ತ. "ದೊಡ್ಡವರು ಚಿಕ್ಕವರು ಎಲ್ಲ ಚಪ್ಪಲಿ ಜೊತೆ ಹೊರಗೇ ಇರಲಿ."

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಇಬ್ಬಿಬ್ಬರು ಜೋಡಿಯಾಗಿ ಒಬ್ಬರ ಕಾಲನ್ನು ಇನ್ನೊಬ್ಬರು ಹಿಡಿದು ಕಲಿಯಬೇಕಿತ್ತು. ನನಗೆ ಜೋಡಿಯಾಗಿ ಸಿಕ್ಕವರು ಯಶವಂತನಗರದ ಗಣಿ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟುವ ಡ್ರೆಸ್ಸರಣ್ಣ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರ ಪಾದ ಮುಟ್ಟಿದಾಗೆಲ್ಲ ನನ್ನ ಕೈ ತಾನಾಗಿ ಕಣ್ಣಿಗೆ ಹೋಗುತ್ತಿತ್ತು. ನನ್ನ ಪಾದ ಮುಟ್ಟಿದರೆ ಅವರೂ ಹಾಗೇ ಮಾಡುತ್ತಿದ್ದರು. ಮೇಲಾಗಿ ಅವರಿಗೆ ಕಚಗುಳಿ. ಅಂಗಾಲಿಗೆ ಬೆರಳು ತಾಗಿದರೆ ಸಾಕು, ಅಷ್ಟು ದೊಡ್ಡ ಮೀಸೆಯ ಮನುಷ್ಯ ಮಂಚದ ಮೇಲೆ ಮೀನಿನ ಹಾಗೆ ಹೊರಳಾಡಿ, "ಸಾಕ್ರೀ, ಸಾಕ್ರೀ, ಸತ್ತೆ!" ಎಂದು ಕೂಗುತ್ತಿದ್ದರು. ಇಡೀ ಹಾಲ್ ನಗುತ್ತಿತ್ತು.

ಎರಡನೆಯ ದಿನ ನನ್ನ ನಗು ಬತ್ತಿತು. ಮೊಣಕಾಲಿನಿಂದ ಕೆಳಗಿಳಿಯುವ ಮೂಳೆಗೂ ಹಿಮ್ಮಡಿಗೂ ನಡುವೆ ಒಂದು ಗಿಡ್ಡ ಮೂಳೆಯಿದೆ. ಪಾದವನ್ನು ಮೇಲಕ್ಕೆ ಮಡಿಸುವಾಗ ಅದು ಕೂದಲೆಳೆಯಷ್ಟು ಹಿಂದಕ್ಕೆ ಸರಿಯಬೇಕು. ಸರಿಯದಿದ್ದರೆ ಹರಡು ಗಟ್ಟಿ. ಆ ಸರಿದಾಟವನ್ನು ಅಂಗೈಯಲ್ಲಿ ಹಿಡಿಯುವುದೇ ಪಾಠ. ಡ್ರೆಸ್ಸರಣ್ಣನಿಗೆ ಅರ್ಧ ಗಂಟೆಯಲ್ಲಿ ಸಿಕ್ಕಿತು. "ಆತ್ರಿ! ಸಣ್ಣಗ ಜರುಗಿದಂಗಾತು!" ಎಂದು ಅವರು ಕೂಗಿದರೆ ನನಗೆ ಹೊಟ್ಟೆಯುರಿ. ನಾನು ಒತ್ತಿದೆ, ಇನ್ನೂ ಜೋರಾಗಿ ಒತ್ತಿದೆ. ಏನೂ ತಿಳಿಯಲಿಲ್ಲ. ಮೇಡಂ ನನ್ನ ಮಣಿಕಟ್ಟು ಹಿಡಿದರು.

"ರೊಟ್ಟಿಹಿಟ್ಟು ನಾದ್ತಾ ಇದ್ದೀಯಲ್ಲಮ್ಮ. ಬಾಳೆಹಣ್ಣು ಮಾಗಿದೆಯಾ ಅಂತ ನೋಡೋವಾಗ ಹೇಗೆ ಮುಟ್ತೀಯ? ಅಷ್ಟೇ ಸಾಕು."

ಓದಿ ಬಂದವಳು ನಾನೇ, ತಿಳಿಯದವಳೂ ನಾನೇ ಎಂದು ಕಣ್ಣು ತುಂಬಿ ಬಂತು. ಊಟಕ್ಕೆ ಏಳಲಿಲ್ಲ. ಡ್ರೆಸ್ಸರಣ್ಣ ಡಬ್ಬಿ ಪಕ್ಕಕ್ಕಿಟ್ಟು ಮಂಚದ ಮೇಲೆ ಒರಗಿದರು.

"ಹಿಡಿ ತಂಗಿ, ನನ್ನ ಕಾಲು. ನಗೂದಿಲ್ಲ, ಹಲ್ಲು ಕಚ್ಚಿಕೊಂಡು ಮಲಗ್ತೀನಿ. ಜಲ್ದಿ ಮಾಡಬ್ಯಾಡ."

ಕಣ್ಣು ಮುಚ್ಚಿ ಹಿಡಿದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಒಮ್ಮೆ, ಸ್ವಲ್ಪವೇ ಸ್ವಲ್ಪ, ಒದ್ದೆ ಸೋಪು ಬಟ್ಟಲಿನಲ್ಲಿ ಸರಿದ ಹಾಗೆ ಏನೋ ಸರಿಯಿತು. "ಸಿಕ್ತು!" ಎಂದು ಕಿರುಚಿದೆ. ಅವರೂ ತಡೆದಿಟ್ಟ ನಗುವನ್ನೆಲ್ಲ ಒಮ್ಮೆಲೇ ಬಿಟ್ಟರು.

ಮೂರನೆಯ ದಿನ ರೋಗಿಗಳನ್ನೇ ಕರೆಸಿದ್ದರು. ನನ್ನ ಪಾಲಿಗೆ ಬಂದವಳು ಎಮ್ಮಿಗನೂರಿನ ನಲವತ್ತರ ಹೆಂಗಸು, ಕೃಷಿ ಕೂಲಿಯವಳು. ಕಬ್ಬಿನ ಬಂಡಿಯಿಂದ ಬಿದ್ದು ಹರಡು ಮುರಿದಿತ್ತು. ಮೂಳೆ ಚೆನ್ನಾಗಿ ಕೂಡಿದೆ ಎಂದು ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿದ್ದರು. ಆದರೆ ಪ್ಲಾಸ್ಟರ್ ಬಿಚ್ಚಿ ಐದು ತಿಂಗಳಾದರೂ ಪಾದ ಮೇಲಕ್ಕೆ ಮಡಿಯುತ್ತಿರಲಿಲ್ಲ.

"ನಡೆಯೋಕೆ ತೊಂದರೆಯಾ?" ಎಂದು ಮೇಡಂ ಕೇಳಿದರು.

"ನಡೀತೀನ್ರಿ. ಕುಕ್ಕರಗಾಲಿಲೆ ಕುಂದ್ರಾಕ ಬರೂದಿಲ್ರಿ. ಒಲಿ ಮುಂದ ಕುಂದ್ರಬೇಕು, ಸಸಿಮಡಿಯಾಗ ಕುಂತು ಸಸಿ ಕೀಳಬೇಕು. ನನ್ನ ಜೋಡಿನವ್ರೆಲ್ಲ ಕುಂತಿರ್ತಾರ, ನಾನೊಬ್ಬಾಕಿ ಗೂಟ ನಿಂತಂಗ ನಿಂತಿರ್ತೀನಿ."

ಹಿಮ್ಮಡಿ ನೆಲಕ್ಕೂರಿ ಮೊಣಕಾಲನ್ನು ಗೋಡೆಗೆ ತಾಗಿಸಲು ಹೇಳಿದೆ. ಕಾಲಿನ ಹೆಬ್ಬೆರಳು ಗೋಡೆಗೆ ಅಂಟಿಕೊಂಡೇ ಇರಬೇಕಾಯಿತು; ಒಂದು ಬೆರಳಗಲ ಹಿಂದೆ ಸರಿದರೂ ಹಿಮ್ಮಡಿ ಏಳುತ್ತಿತ್ತು. ಮಂಚದ ಮೇಲೆ ಮಲಗಿಸಿ, ಹಿಮ್ಮಡಿಯನ್ನು ಅಂಚಿನಾಚೆ ಇಳಿಬಿಟ್ಟು, ಆ ಗಿಡ್ಡ ಮೂಳೆಯ ಮುಂದೆ ಅಂಗೈ ಇಟ್ಟೆ. ಮೊದಲು ಕಲ್ಲಿನಂತಿತ್ತು. ಅವಸರ ಮಾಡಲಿಲ್ಲ. "ತ್ರಾಸ ಆದ್ರ ಹೇಳವ್ವ" ಎಂದೆ. ಅವಳು ತನ್ನ ಮಗಳ ಶಾಲೆ, ಎಮ್ಮೆಯ ಹಾಲು ಎಲ್ಲ ಹೇಳತೊಡಗಿದಳು. ಮಾತಿನ ನಡುವೆಯೇ ಕಲ್ಲು ತುಸು ಸಡಿಲವಾದದ್ದು ನನ್ನ ಕೈಗೆ ತಿಳಿಯಿತು. ಮತ್ತೆ ಗೋಡೆಯ ಮುಂದೆ ನಿಲ್ಲಿಸಿದೆವು. ಈ ಸಲ ಹೆಬ್ಬೆರಳಿಗೂ ಗೋಡೆಗೂ ನಡುವೆ ಎರಡು ಬೆರಳು ಜಾಗ! ಅವಳು ಬಗ್ಗಿ ಆ ಜಾಗವನ್ನು ತಾನೇ ಮುಟ್ಟಿ ನೋಡಿದಳು.

"ಯವ್ವಾ, ಇದು ನನ್ನ ಕಾಲೇನು?"

ಅವತ್ತೇ ಕುಕ್ಕರಗಾಲು ಬರಲಿಲ್ಲ. ಮುಂದೆ ಆರು ವಾರ, ವಾರಕ್ಕೆರಡು ಸಲ ಅವಳು ಕಂಪ್ಲಿ ಬಸ್ಸಿನಲ್ಲಿ ಬಂದಳು. ಮನೆಯಲ್ಲಿ ಹೊಸ್ತಿಲ ಮೇಲೆ ಕಾಲಿಟ್ಟು ಮೊಣಕಾಲು ಮುಂದಕ್ಕೆ ಬಾಗಿಸುವ ವ್ಯಾಯಾಮವನ್ನು ತಪ್ಪಿಸಲಿಲ್ಲ. ಒಂದು ಮಧ್ಯಾಹ್ನ, ನಾನು ಬೇರೆ ರೋಗಿಯನ್ನು ನೋಡುತ್ತಿದ್ದಾಗ, "ಅಕ್ಕಾರ, ಇಲ್ಲಿ ನೋಡ್ರಿ" ಎಂದಳು. ತಿರುಗಿದರೆ ಬಾಗಿಲ ಬಳಿ, ಎರಡೂ ಹಿಮ್ಮಡಿ ನೆಲಕ್ಕೂರಿ, ಗಲ್ಲಕ್ಕೆ ಕೈಕೊಟ್ಟು ಆರಾಮಾಗಿ ಕುಕ್ಕರಗಾಲಲ್ಲಿ ಕೂತಿದ್ದಾಳೆ! ನಾನೂ ಅವಳ ಎದುರು ಹಾಗೇ ಕೂತೆ. ಇಬ್ಬರೂ ಸುಮ್ಮನೆ ನಕ್ಕೆವು.

ಕಾಲುವೆಗೆ ನೀರು ಬಿಟ್ಟು ನೆಲ್ಲು ನಾಟಿ ಶುರುವಾಗಿತ್ತು. ಮುಂದಿನ ಭಾನುವಾರ ಅವಳ ಒತ್ತಾಯಕ್ಕೆ ಎಮ್ಮಿಗನೂರಿಗೆ ಹೋದೆ. ಹತ್ತಾರು ಹೆಂಗಸರು ಸಸಿಮಡಿಯಲ್ಲಿ ಕೂತು ಸಸಿ ಕೀಳುತ್ತಿದ್ದರು. ಅವಳ ಕೈ ಎಲ್ಲರಿಗಿಂತ ಮುಂದಿತ್ತು. "ನಮ್ಮ ಡಾಕ್ಟರಮ್ಮ" ಎಂದು ಕೂಗಿ ಹೇಳಿದಳು. ಡಾಕ್ಟರಲ್ಲ ಎಂದರೆ ಯಾರೂ ಕೇಳಲಿಲ್ಲ. ಕೈಗೊಂದು ಕಟ್ಟು ಸಸಿ ಕೊಟ್ಟು ನನ್ನನ್ನೂ ಕೆಸರಿಗಿಳಿಸಿದರು. ನಾನು ಹಚ್ಚಿದ ಸಾಲು ಹಾವಿನಂತೆ ಓಡಿತು. ಅವರು ಹೊಟ್ಟೆ ಹಿಡಿದು ನಕ್ಕು, ಅದನ್ನು ಕಿತ್ತು ಮತ್ತೆ ಹಚ್ಚಿದರು.

ಬದುವಿನ ಮೇಲೆ ರೊಟ್ಟಿ, ಪುಂಡಿಪಲ್ಯೆ ತಿನ್ನುವಾಗ ಒಬ್ಬ ಮುದುಕಿ ಕೆಸರುಗಾಲು ಚಾಚಿದಳು. "ನಂದೂ ಒಂದೀಟು ನೋಡವ್ವ." ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ನಾನು ಕಾಲುವೆಗಿಳಿದು ಕೈ ತೊಳೆದುಕೊಂಡು ಬಂದು, ಮುದುಕಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡೆ. ಹೊಸಪೇಟೆಯ ಕೊನೆಯ ಬಸ್ಸು ತಪ್ಪಿಹೋಯಿತು. ಅವತ್ತು ರಾತ್ರಿ ಎಮ್ಮಿಗನೂರಿನಲ್ಲೇ ಉಳಿದೆ.